ರೋಗ ಇರುವ ತನಕ

ಗಡಹಿಂಗ್ಲಜ
೨೫ ಸೆಪ್ಟೆಂಬರ್ ೨೦೨೪

ತಮ್ಮ ನಿಖಿಲನಿಗೆ ಛಾಯಕ್ಕನ ಜೈ ಜಿನೇಂದ್ರ.

ನೀನೂ ಸಪನಾಳೂ ಅಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯಲು ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ಪಕ್ಕದಲ್ಲೇ ಮಲಗಿರುತ್ತಾಳೆ. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಕಿವಿ ಮಾತ್ರ ಚುರುಕು! ಅದಕ್ಕೇ ಇಚಲಕರಂಜಿಗೆ ಹೊರಟ ನಿನ್ನ ಭಾವನವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಅವ್ವನಿಗೆ ಕ್ಯಾನ್ಸರ್ ಇಲ್ಲ. ಇಲ್ಲಿಯ ಸೋನೋಗ್ರಾಫಿಯಲ್ಲಿ ಲಿವರಿನೊಳಗೆ ಗಂಟು ಕಂಡಾಗ, ಕ್ಯಾನ್ಸರ್ ಸಂಶಯವಿದೆ, ದೊಡ್ಡ ಸ್ಕ್ಯಾನ್ ಆಗಬೇಕು ಎಂದಿದ್ದರಲ್ಲ? ನಾವು ಕ್ಯಾನ್ಸರ್ ಎಂಬ ಶಬ್ದವನ್ನಷ್ಟೇ ಮನೆಗೆ ತಂದೆವು. ಮೊನ್ನೆ ಅವಳ ಕೈಕಾಲು ಹಿಡಿದು ಕೊಲ್ಹಾಪುರಕ್ಕೆ ಕರೆದೊಯ್ದೆ. ಕೈಗೆ ಔಷಧಿ ಚುಚ್ಚಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಸಿ.ಟಿ. ಚಿತ್ರ ತೆಗೆದರು. ಡಾಕ್ಟರ್ ನೂತನಾ ಅವನ್ನು ಸಾಲಾಗಿ ಇಟ್ಟು ತೋರಿಸಿದರು.

"ನೋಡ್ರಿ ಅಕ್ಕಾರ, ಕ್ಯಾನ್ಸರ್ ಇದ್ರ ಔಷಧಿ ಲಗೂನ ತುಂಬಿ ಲಗೂನ ಖಾಲಿ ಆಗತೈತಿ. ಇದು ಅಂಚಿನಿಂದ ಸಾವಕಾಶ ತುಂಬೈತಿ, ಒಳಗ ಹಂಗ ನಿಂತೈತಿ. ಕಂಪ್ಯೂಟರೂ ಅದನ್ನ ಹೇಳೈತಿ, ನಾನೂ ಅದನ್ನ ಹೇಳ್ತೇನಿ. ಬರೇ ರಕ್ತನಾಳದ ಗಂಟು. ಜೀವಕ್ಕ ಏನೂ ಧಕ್ಕಿ ಇಲ್ಲ."

ನಾನು ಅಲ್ಲೇ ಅತ್ತೆ. ಸಂತೋಷಕ್ಕೂ ಅತ್ತೆ, ಸಿಟ್ಟಿಗೂ ಅತ್ತೆ.

ನಮ್ಮ ಅವ್ವ ಸ್ಕ್ಯಾನಿಗೆ ಕಾಯುವವಳೇ? ಅದಕ್ಕೂ ಮೊದಲೇ ಬಸದಿಗೆ ಹೋಗಿ, ಚಾತುರ್ಮಾಸಕ್ಕೆ ಬಂದಿರುವ ಮುನಿ ಮಹಾರಾಜರ ಮುಂದೆ ಸಲ್ಲೇಖನ ಬೇಡಿಬಿಟ್ಟಿದ್ದಳು. ಅವರು ಸಾಯುವ ತನಕದ ಆ ಉಪವಾಸ ವ್ರತ ಕೊಡಲಿಲ್ಲ. ರೋಗ ಇರುವ ತನಕದ ನಿಯಮವನ್ನಷ್ಟೇ ಕೊಟ್ಟರು. ಅನ್ನ ಬಿಟ್ಟಳು, ಹಾಲು ಬಿಟ್ಟಳು, ಮಜ್ಜಿಗೆಗೆ ಬಂದು ನಿಂತಳು. ಊರವರು ಬಂದು ಕಾಲಿಗೆ ಬೀಳತೊಡಗಿದರು. ನಿನ್ನ ಮತ್ತು ಸಪನಾಳ ಮದುವೆಗೆ ಅವ್ವ ಬರಲಿಲ್ಲವೆಂದು ಈ ಹೊಸ್ತಿಲನ್ನೇ ತುಳಿಯದಿದ್ದ ನೀನೂ ರವಿವಾರಕ್ಕೊಮ್ಮೆ ಬಂದು ಅವಳ ಹತ್ತಿರ ಕೂತೆ.

ನಿನ್ನೆ ರಿಪೋರ್ಟಿನ ಸುದ್ದಿ ಕೇಳಿ ಮಹಾರಾಜರೇ ಅವ್ವನಿಗೆ ಹೇಳಿದರು: "ರೋಗ ಇಲ್ಲ ಅಂದ ಮ್ಯಾಲ ನಿಯಮ ಮುಗೀತವ್ವಾ. ಪಾರಣಿ ಮಾಡು."

ನಾನು ಮೆತ್ತಗಿನ ಅನ್ನ ಕಲಸಿಕೊಂಡು ಹೋದೆ. ಅವ್ವ ಗೋಡೆಯ ಕಡೆ ಹೊರಳಿದಳು. "ಬ್ಯಾಡ ಛಾಯಾ. ನನಗ ಹಿಂಗ ಛಲೋ ಐತಿ."

ಇಂದು ಮಜ್ಜಿಗೆಯನ್ನೂ ಮುಟ್ಟಿಲ್ಲ. ಇಲ್ಲದ ರೋಗಕ್ಕೆ ಇವಳು ಸಾಯುತ್ತಾಳೆಂದು ನನಗೆ ಭಾರಿ ಹೆದರಿಕೆಯಾಗಿದೆ. ರವಿವಾರದ ತನಕ ಕಾಯಬೇಡ. ಮಗ್ಗ ನಿಲ್ಲಿಸಿ, ಸಪನಾಳನ್ನೂ ಕರೆದುಕೊಂಡು ನಾಳೆಯೇ ಬಾ.

ಜಿನೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಅಕ್ಕ,
ಛಾಯಾ

ತಾ.ಕ.: ಕ್ಯಾನ್ಸರ್ ಇಲ್ಲವೆಂಬ ಸುದ್ದಿಯನ್ನು ನಿನಗೆ ಮಾತ್ರ ತಿಳಿಸಕೂಡದೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಯಾಕೆಂದು ಕೇಳಿದೆ. "ನಾ ಸಾಯೂದಿಲ್ಲಂತ ಗೊತ್ತಾದ್ರ ಅಂವಾ ಮತ್ತ ಬರೂದಿಲ್ಲವ್ವಾ" ಎಂದಳು.