‘ಕೈತಪ್ಪು’ ಎಂಬ ಕಾಗದಕ್ಕೆ ಸಹಿ ಹಾಕುವ ಮುನ್ನ

ವಸಂತನರಸಾಪುರ, ತುಮಕೂರು
2171ನೆಯ ಇಸವಿ, ಮೂವತ್ತನೆಯ ಪಾಳಿವಾರದ ಒಂಬತ್ತನೆಯ ದಿನ

ಇನ್ನೂ ಹುಟ್ಟದ ನನ್ನಿಂದ, ಈಗ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನಿಮಗೆ.

ಈ ತಾರೀಖು ನಿಮಗೆ ಅರ್ಥವಾಗದು. ನಮ್ಮ ವಾರಕ್ಕೆ ಹತ್ತು ದಿನ, ಅದಕ್ಕೆ ಪಾಳಿವಾರ ಎನ್ನುತ್ತೇವೆ. ರಜೆ ಮಾತ್ರ ಒಂದೇ ದಿನ. ನನ್ನ ಭಾಷೆ ವಿಚಿತ್ರವೆನಿಸಿದರೆ ಮನ್ನಿಸಿ. ಶಾಲೆಯಲ್ಲಿ ನಮಗೆ ಕಲಿಸಿದ್ದು ಯಂತ್ರದ ಸೂಚನೆ ಓದುವಷ್ಟು ಕನ್ನಡ. ಉಳಿದದ್ದನ್ನು ನಿಮ್ಮ ಕಾಲದ ಕರಪತ್ರಗಳಿಂದ ನಾನೇ ಕಲಿತೆ. ಹಾಗಾಗಿ ನನ್ನ ವಾಕ್ಯಗಳು ಆಗಾಗ ಮುಷ್ಟಿ ಎತ್ತುತ್ತವೆ. ನನ್ನ ಹೆಸರು ದೇವೀರಿ, ವಯಸ್ಸು ಇಪ್ಪತ್ತೆರಡು, ತಗಡು ಒತ್ತುವ ಪ್ರೆಸ್ಸಿನಲ್ಲಿ ಕೆಲಸ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ನನ್ನ ಬಳಿ ಇರುವ ಕರಪತ್ರವೊಂದರ ಫೋಟೋದಲ್ಲಿ ಎರಡು ಬೆರಳು ಕಳೆದುಕೊಂಡ ಹೆಂಗಸೊಬ್ಬಳು ಕಾರ್ಖಾನೆಯ ಗೇಟಿನೆದುರು ಕೈ ಎತ್ತಿ ನಿಂತಿದ್ದಾಳೆ. ಹಿಂದೆ ನಲವತ್ತು ಜನ. ಒಬ್ಬ ಆಕಳಿಸುತ್ತಿದ್ದಾನೆ, ಇನ್ನೊಬ್ಬನ ಕೈಯಲ್ಲಿ ಟಿಫಿನ್ ಕ್ಯಾರಿಯರ್. ಕೆಳಗೆ ದಪ್ಪಕ್ಷರದಲ್ಲಿ ‘ಪರಿಹಾರ ಭಿಕ್ಷೆಯಲ್ಲ, ಹಕ್ಕು’ ಎಂದಿದೆ. ನೋಡಿದಾಗ ನನಗೆ ಕನಿಕರ ಬರಬೇಕಿತ್ತು, ಬಂದದ್ದು ಅಸೂಯೆ. ಅವಳ ಗಾಯ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆಕಳಿಸುತ್ತಲಾದರೂ ಜೊತೆಗೆ ನಿಲ್ಲುವವರು ಅವಳಿಗಿದ್ದರು.

ನಮ್ಮಲ್ಲಿ ಗಾಯ ಕಾಣುವುದೇ ಇಲ್ಲ. ಕೈ ಹೋದರೆ ಕಂಪನಿ ಮರುಗೈ ಕೊಡುತ್ತದೆ, ಅಂದರೆ ಬೆಳೆಸಿದ ಕೈ. ಅವು ಚಪ್ಪಲಿಗಳಂತೆ ಅಳತೆವಾರು ತಣ್ಣನೆಯ ಕೋಣೆಯಲ್ಲಿರುತ್ತವೆ. ಎಲ್ಲಕ್ಕೂ ಒಂದೇ ಬಣ್ಣ. ಕೆಲಸಕ್ಕೆ ಚುರುಕು, ಆದರೆ ಬಿಸಿ ತಿಳಿಯದು. ಮುದ್ದೆ ಕಟ್ಟುವವರು ಉಳಿದ ಸ್ವಂತ ಕೈಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಾರೆ. ಕೆಲಸ ಬಿಟ್ಟವರು ಗುರುತಿನ ಚೀಟಿಯ ಜೊತೆ ಕೈಯನ್ನೂ ಗೇಟಿನಲ್ಲಿ ಒಪ್ಪಿಸಬೇಕು. ಏಕೆಂದರೆ ಮರುಗೈ ಪಡೆಯುವಾಗ ಸಹಿ ಹಾಕುವ ಕಾಗದದಲ್ಲಿ ಒಂದೇ ಪದವಿರುತ್ತದೆ: ‘ಕೈತಪ್ಪು’. ಲೋಟ ಕೈತಪ್ಪಿ ಬಿತ್ತು ಎಂದು ನೀವು ಸುಮ್ಮನೆ ಆಡುವ ಮಾತು ನಮ್ಮಲ್ಲಿ ಕಾನೂನಾಗಿದೆ. ತಪ್ಪು ಕೈಯದು, ಯಂತ್ರದ್ದಲ್ಲ. ತಪ್ಪಿತಸ್ಥ ಕೈ ಹೋಯಿತು. ಹೊಸದು ಕಂಪನಿಯ ಸಾಲ.

ಎಂಟು ದಿನದ ಹಿಂದೆ, ನನ್ನ ಪಕ್ಕದ ಪ್ರೆಸ್ಸಿನ ಹೊನ್ನಕ್ಕನ ಬಲಗೈ ಹೋಯಿತು. ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಆಗ ಕೈ ಅಚ್ಚಿನೊಳಗೆ ಸಿಗುವುದಿಲ್ಲ. ಕೆಲಸ ಬೇಗ ಸಾಗಲೆಂದು ಮೇಲ್ವಿಚಾರಕ ಒಂದು ಗುಂಡಿ ಸದಾ ಒತ್ತಿಕೊಂಡೇ ಇರುವಂತೆ ರಬ್ಬರಿನ ತುಂಡು ಸಿಕ್ಕಿಸಿದ್ದ. ನಾವೆಲ್ಲ ನೋಡಿದ್ದೆವು. ಬ್ಯಾಂಡೇಜು ಕಟ್ಟುವ ಮೊದಲೇ ಕಾಗದ ಬಂತು. ಸಹಿಗೆ ನಾಳೆ ಕೊನೆಯ ದಿನ.

ನಾನು ಹೊನ್ನಕ್ಕನ ಮನೆಗೆ ಓಡಿದೆ. ಮರುಗೈ ಬೇಡ, ಹೀಗೇ ಗೇಟಿಗೆ ಬಾ ಎಂದೆ. ಅಕ್ಕ ನಕ್ಕುಬಿಟ್ಟಳು.

“ನಿನ್ ಮುಖಕ್ಕಿಷ್ಟು! ನಿಂಗೆ ಫೋಟೋ ಬೇಕು, ನಂಗೆ ಕೈ ಬೇಕು ಕಣೇ. ಸೀರೆ ನೆರಿಗೆ ಹಿಡಿಯಕ್ಕೆ ನಿನ್ ಕರಪತ್ರ ಬತ್ತದಾ?”

ಅವಳೆಂದದ್ದು ನಿಜ. ನಿಮ್ಮ ಚಿತ್ರದಂಥದ್ದೊಂದು ನಮಗೂ ಇರಲೆಂಬ ಆಸೆಗೆ ನಾನು ಅವಳ ಕೈಯನ್ನೇ ಬಲಿ ಕೇಳಿದ್ದೆ. ನಾಚಿಕೊಂಡು ಮನೆಗೆ ಬಂದು ಕರಪತ್ರವನ್ನು ಮತ್ತೆ ಓದಿದೆ. ದಪ್ಪಕ್ಷರಗಳ ಅಬ್ಬರದಲ್ಲಿ ನಾನು ದಾಟಿಹೋಗಿದ್ದ ಸಣ್ಣಕ್ಷರದ ಸಾಲೊಂದಿತ್ತು: ‘ಚಿಕಿತ್ಸೆ ಪಡೆದರೆ ತಪ್ಪು ಒಪ್ಪಿಕೊಂಡಂತಲ್ಲ. ಕಂಡವರ ಸಾಕ್ಷಿ ಬರೆಸಿ.’

ನಮ್ಮ ನಿಯಮದಲ್ಲೂ ಇಬ್ಬರು ಸಾಕ್ಷಿ ನುಡಿದರೆ ಆ ಪದವನ್ನು ಹೊಡೆದುಹಾಕಿಸಬಹುದು. ಸಾಕ್ಷಿ ಬಿದ್ದುಹೋದರೆ ಮಾತ್ರ ನುಡಿದವರ ಕೆಲಸವೂ ಹೋಗುತ್ತದೆ. ಒಬ್ಬಳು ನಾನು. ಇನ್ನೊಬ್ಬರಿಗಾಗಿ ಸಾಲಿನಲ್ಲಿದ್ದ ಎಲ್ಲರನ್ನೂ ಕೇಳಿದೆ. “ನಾನು ಆ ಕಡೆ ತಿರುಗಿದ್ದೆ ಕಣಮ್ಮ” ಎಂದರು ಒಬ್ಬೊಬ್ಬರೂ. ಕಡೆಗೆ ಮುದ್ದಯ್ಯಣ್ಣನನ್ನು ಕೇಳಿದೆ. ಅವನ ಬಲಗೈ ಕಂಪನಿಯದು. ಕೆಲಸ ಹೋದರೆ ಅದೂ ಹೋಗುತ್ತದೆ. ಅವನು ಮರುಗೈಯನ್ನು ಜೇಬಿಗಿಳಿಸಿ ಎಡಗೈಯನ್ನು ಮುಂದೆ ಚಾಚಿದ.

“ಬರ್ಕಳವ್ವ ನನ್ ಹೆಸ್ರ. ಎಡಗೈಲೇ ಸಹಿ ಹಾಕ್ತೀನಿ. ಇದೊಂದೇ ನಂದು.”

ನಾಳೆ ನಾವು ಮೂವರೂ ಹೋಗುತ್ತೇವೆ. ‘ಯಂತ್ರದಿಂದಾದ ಗಾಯ’ ಎಂದು ಬರೆಸಿಕೊಂಡರೆ ಹೊಸ ಕೈ ಅಕ್ಕನ ಸ್ವಂತದ್ದಾಗುತ್ತದೆ. ಆಗದಿದ್ದರೆ ಮೂವರೂ ಗೇಟಿನ ಹೊರಗೆ, ನಮ್ಮ ನಡುವೆ ನಾಲ್ಕೇ ಕೈ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಯಾವುದೋ ಕಾರ್ಖಾನೆಯಲ್ಲಿ, ಬೆರಳು ಕಳೆದುಕೊಂಡವಳ ಪಕ್ಕದಲ್ಲಿ ನಿಂತು, ಯಾರೋ ಈಗಷ್ಟೇ ‘ಅವಳದೇ ಕೈತಪ್ಪು’ ಎನ್ನುತ್ತಿರಬೇಕು. ಅದು ಇನ್ನೂ ಬರೀ ಬಾಯಿಮಾತು, ಕಾಗದಕ್ಕೆ ಇಳಿದಿಲ್ಲ. ಅಲ್ಲೇ ತಡೆಯಿರಿ, ಕಂಡದ್ದನ್ನು ಕಂಡೆವೆನ್ನಿ. ನಿಮಗೆ ಅದಕ್ಕೆ ಇನ್ನೂ ಕಾಲವಿದೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.