ಚರಗದ ಬುಟ್ಟಿಯ ಇರುವೆಗಳು

ಹುನಗುಂದ
೨ ಫೆಬ್ರುವರಿ ೧೯೮೬

ಮಾನ್ಯ ದೇಸಾಯಿ ಸರ್,

ನಾನು ನಿಮಗಾಗಿ ಎಣಿಸುತ್ತಿರುವ ನಡುಗಡ್ಡೆಯ ಇರುವೆಗಳ ಬಗೆಗಿನ ನಿಮ್ಮ ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ತಾವು ಈ ಪತ್ರ ಓದಬೇಕು.

ಆಣೆಕಟ್ಟಿನ ನೀರಿನಲ್ಲಿ ಒಮ್ಮೆ ಪೂರ್ತಿ ಮುಳುಗಿ ಮೇಲೆದ್ದ ಆ ದಿಬ್ಬಕ್ಕೆ ಮೊದಲು ಗೊದ್ದ, ಹುಲ್ಲು ಬೆಳೆದ ಮೇಲೆ ಕೆಂಪಿರುವೆ ಬಂದದ್ದು ನಿಜ. ಕಳೆದ ತಿಂಗಳು ಕಂಡ ಮೂರನೆಯ ಜಾತಿ, ಆ ಸಣ್ಣ ಕಪ್ಪಿರುವೆ, ತಾನಾಗಿ ಬಂದದ್ದಲ್ಲ. ನಾನು ಒಯ್ದದ್ದು.

ಆ ದಿಬ್ಬ ನಮ್ಮ ಹೊಲದ ಎತ್ತರದ ಮೂಲೆ. ಇದನ್ನು ನಿಮಗೆ ಹೇಳಿರಲಿಲ್ಲ. ಎಳ್ಳಮವಾಸ್ಯೆಯಂದು ಅವ್ವ, ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿ ಕೈಗಿಟ್ಟು, "ನೀರಾಗ ಹೋತಂತ ಭೂಮಿತಾಯಿನ್ನ ಉಪಾಸ ಇಡಬ್ಯಾಡೋ" ಅಂದಳು. ಅಲ್ಲಿಗೆ ತಿನಿಸು ಒಯ್ಯಬಾರದೆಂಬ ನಿಮ್ಮ ನಿಯಮ ಗೊತ್ತಿದ್ದೂ ಹೋದೆ. ಕಡುಬು, ಹೋಳಿಗೆ ಚೆಲ್ಲಿ ಬುಟ್ಟಿ ಕೊಡವಿದಾಗ, ತಳದಲ್ಲಿ ಗೂಡು ಕಟ್ಟಿದ್ದ ಇರುವೆಗಳು ಮೊಟ್ಟೆ ಸಮೇತ ಉದುರಿದವು.

ಮುಂದಿನ ವಾರ ನೀವು ಅವನ್ನು ಕಂಡು ಹಿಗ್ಗಿದಿರಿ. ಹಾರಿ ಬಂದಿವೆ ಎಂದು ಬರೆದಿರಿ, ನನ್ನ ಹೆಸರನ್ನೂ ಸೇರಿಸಿದಿರಿ. ನಾನು ಸುಮ್ಮನಿದ್ದೆ. ಎಳ್ಳಮವಾಸ್ಯೆಯಂದು ನನ್ನನ್ನು ಹರಿಗೋಲಿನಲ್ಲಿ ದಾಟಿಸಿದ್ದ ಅಹ್ಮದಸಾಬ ಈಗ ನನ್ನನ್ನು ಕಂಡಾಗಲೆಲ್ಲ, "ಏನ್ರಿ ಮಾಸ್ತರ, ಬುಟ್ಟಿಗೂ ರೆಕ್ಕಿ ಬಂದಾವೇನು?" ಎಂದು ನಗುತ್ತಾನೆ. ನಗಲು ನನಗಾಗುವುದಿಲ್ಲ.

ಲೇಖನದ ಆ ಸಾಲನ್ನೂ ನನ್ನ ಹೆಸರನ್ನೂ ತೆಗೆದುಬಿಡಿ. ಎಣಿಕೆಗೆ ಬೇರೆಯವರನ್ನು ನೇಮಿಸಿದರೆ ನೋಟುಪುಸ್ತಕ ಒಪ್ಪಿಸುತ್ತೇನೆ.

ಮನೆಗೆ ಬಂದರೆ ಅವ್ವನೆದುರು ಈ ವಿಷಯ ಎತ್ತಬೇಡಿ. ಹೊಲ ಚರಗ ಉಂಡಿತೇನೆಂದು ಕೇಳಿದ್ದಳು. ಉಂಡಿತು ಎಂದಿದ್ದೇನೆ.

ನಿಮ್ಮ ಮುಖ ನೋಡಲಾರದ,
ಕಾಶಪ್ಪ