ಹೊಸ ಕಾರು ಹೆಂಗಿದೆ ಅಂತ ಕೇಳಿದ್ರು

ಮುನಿಲಕ್ಷ್ಮಕ್ಕಾ,

ಊಟನೂ ಸೇರ್ಲಿಲ್ಲ, ಬೆಳಿಗ್ಗೆಯಿಂದ ಆ ಕಾರಿಂದೇ ತಲೆನೋವು. ನಮ್ಮ ಓನರು ಸ್ಪೋರ್ಟ್ಸ್ ತರದ ಚಿಕ್ಕ ಲಕ್ಸುರಿ ಕಾರು ನೋಡವ್ರೆ. "ದಿನಾ ಓಡಿಸೋಕೆ ಆಗುತ್ತಾ, ನೀನೇ ಓಡಿಸಿ ಹೇಳೋ ಬೈರೇಶ. ಚೆನ್ನಾಗಿದ್ರೆ ಇನ್ಮೇಲೆ ನಾನೇ ಓಡಿಸ್ಕೋತೀನಿ" ಅಂದ್ರು. ಆಮೇಲೆ ಡ್ರೈವರ್ ನಾನ್ಯಾಕೆ ಅವ್ರಿಗೆ?

ಇಂದ್ಗಡೆ ಸೀಟಲ್ಲಿ ಮಂಡಿ ಇಡಿಯಲ್ಲ. ಆದ್ರೆ ಅವ್ರು ಇನ್ನು ಇಂದ್ಗಡೆ ಕೂರೋದೇ ಇಲ್ವಲ್ಲ! ಕಾರಿನ ತಳ ಎಲ್ಲಾದ್ರೂ ತಗುಲ್ಲಿ, ಓನರು ಬೇಡ ಅನ್ಲಿ ಅಂತ, ನಮ್ಮೂರ ಕಡೆ ಊರಿಗಾಂ ರೋಡಂಗಿರೋ ಗುಂಡಿಗಳ್ನೇ ಉಡುಕಿ ಉಡುಕಿ ಇಳಿಸ್ದೆ. ತಗುಲ್ಲೇ ಇಲ್ಲ ಕಣಕ್ಕಾ, ತೇಲ್ಕೊಂಡು ಓಯ್ತು. ಪಕ್ಕದಲ್ಲೇ ಅವ್ರು ಕೂತಿದ್ರು, ಸುಳ್ಳು ಎಂಗೆ ಏಳ್ಲಿ?

ಬಂಗಾರಪೇಟೆಲಿ ಯಾರ್ದಾದ್ರೂ ಟೆಂಪೋಗೆ ಡ್ರೈವರ್ ಬೇಕಾ ಅಂತ ಭಾವನ್ನ ಕೇಳು. ಅಮ್ಮಂಗೆ ಗೊತ್ತಾಗೋದು ಬೇಡ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಓನರಿಗೆ ಉತ್ರ ಕೊಡ್ಬೇಕು.

ನಿನ್ನ ತಮ್ಮ ಬೈರೇಶ. ಏಳು ಗಂಟೆಗೇ ಪೋನ್ ಮಾಡಕ್ಕಾ.